ಎಣ್ಣೆ ಇರುವುದು ನಮ್ಮ ತಪ್ಪಿಗಾಗಿ

(ಹಾಸನದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಎದುರು, ಮಾದರಿ ವಿಮಾನದ ಎಂಜಿನ್ನಿಗೆ ಹಾಕುವ ಎಣ್ಣೆ, ಇಂಧನಗಳ ಬಗ್ಗೆ ಆಡಿದ ಮಾತು. ಬೋರ್ಡಿನ ಮೇಲೆ ಬರೆದಿದ್ದ ಲೆಕ್ಕಗಳನ್ನು ಬರೆಯುವಾಗ ಮಾತಿನೊಳಗೇ ಸೇರಿಸಿದ್ದೇನೆ.)

ಈ ಸಣ್ಣ ಬಾಟಲಿಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ. ಮುಚ್ಚಳ ತೆಗೆದು ಮೂಸಬಹುದು, ಇದರಲ್ಲಿ ವಿಷವಿಲ್ಲ. ಮೂರನೇ ಬೆಂಚಿನಲ್ಲಿ ಯಾರೋ ಮುಖ ಕಿವುಚಿದರು ನೋಡಿ, ಅವರು ಅಜ್ಜಿಯ ಕೈಯಲ್ಲಿ ಬೆಳೆದವರಿರಬೇಕು. ತಲೆಗೆ ತಟ್ಟಿ, ಕಣ್ಣಿಗೆ ಬಿಟ್ಟು, ಹೊಟ್ಟೆ ಕಟ್ಟಿದರೆ ಮೂಗು ಹಿಡಿದು ಕುಡಿಸುತ್ತಿದ್ದ ಅದೇ ಹರಳೆಣ್ಣೆ. ನಮ್ಮ ಕಡೆ ರಾಗಿ ಹೊಲದ ಬದುವಿನಲ್ಲಿ ನಾಲ್ಕು ಹರಳು ಗಿಡ ಇಲ್ಲದ ಮನೆ ಹಿಂದೆ ಅಪರೂಪವಾಗಿತ್ತು. ಇವತ್ತಿನ ನನ್ನ ಮಾತಿನಲ್ಲಿ ಅರ್ಧ ಪಾಲು ಈ ಬಾಟಲಿಯದ್ದೇ.

ನಾನು ಲೇತ್ ಕೆಲಸದವನು. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಿಂದ ಬರುವ ಕಳೆ ಹೊಡೆಯುವ ಮೆಷಿನ್ನು, ಚೈನ್ ಸಾ, ಪವರ್ ಸ್ಪ್ರೇಯರುಗಳ ರಿಪೇರಿ ನನ್ನ ಹೊಟ್ಟೆಪಾಡು. ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗಿಗೆ ಸೇರಿದ್ದರಿಂದ ಮಾದರಿ ವಿಮಾನದ ಹುಚ್ಚು ಹತ್ತಿತು, ಇನ್ನೂ ಬಿಟ್ಟಿಲ್ಲ. ಆಲೂಗಡ್ಡೆ ಕಿತ್ತ ಹೊಲದ ನಡುವೆ ನಿಂತು, ಎರಡು ಉಕ್ಕಿನ ತಂತಿ ಹಿಡಿದು, ವಿಮಾನವನ್ನು ಸುತ್ತ ತಿರುಗಿಸುವ ಕಂಟ್ರೋಲ್ ಲೈನ್ ಆಟ ನನ್ನದು. ರೇಡಿಯೊ ಇಟ್ಟುಕೊಂಡವರನ್ನು ಕಂಡರೆ ನನಗೆ ಸ್ವಲ್ಪ ಅಸೂಯೆ, ಬ್ಯಾಟರಿ ಇಟ್ಟುಕೊಂಡವರನ್ನು ಕಂಡರೆ ಸ್ವಲ್ಪ ಮರುಕ.

ಇದು ಎರಡೂವರೆ ಸಿಸಿ ಎಂಜಿನ್. ಹಿಡಿದು ನೋಡಿ, ದೊಡ್ಡ ನಿಂಬೆಹಣ್ಣಿನಷ್ಟಿದೆ. ಇದರಲ್ಲಿ ಆಯಿಲ್ ಸಂಪು ಇಲ್ಲ, ಆಯಿಲ್ ಪಂಪು ಇಲ್ಲ, ಪಿಸ್ಟನ್ನಿಗೆ ರಿಂಗು ಕೂಡ ಇಲ್ಲ. ಕ್ರ್ಯಾಂಕ್ ಶಾಫ್ಟ್ ತಿರುಗುವುದು ಬರೀ ಬುಷ್ ಎಂಬ ಲೋಹದ ಕೊಳವೆಯೊಳಗೆ, ಬಾಲ್ ಬೇರಿಂಗ್ ಇಲ್ಲ. ನಿಮಿಷಕ್ಕೆ 12 ಸಾವಿರ, 14 ಸಾವಿರ ಸುತ್ತು. ಒಳಗಿನ ಎಲ್ಲ ಉಜ್ಜಾಟಕ್ಕೂ ಸಿಗುವುದು ಇಂಧನದಲ್ಲಿ ಕಲಸಿ ಕೊಟ್ಟ ಎಣ್ಣೆಯೊಂದೇ. ಅದು ಒಳಗೆ ಹೋಗುತ್ತದೆ, ಒಂದು ಸುತ್ತು ಕೆಲಸ ಮಾಡುತ್ತದೆ, ಸೈಲೆನ್ಸರಿನಿಂದ ಹೊರಗೆ ಬಂದು ವಿಮಾನದ ರೆಕ್ಕೆಗೂ ನನ್ನ ಅಂಗಿಗೂ ಮೆತ್ತಿಕೊಳ್ಳುತ್ತದೆ. ಮತ್ತೆ ವಾಪಸ್ ಹೋಗುವುದಿಲ್ಲ.

ಇದು ನಿಮಗೆ ಹೊಸದಲ್ಲ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ನಿಮ್ಮ ತಂದೆಯವರ ಹತ್ತಿರವೋ ದೊಡ್ಡಪ್ಪನವರ ಹತ್ತಿರವೋ ಇದ್ದಿರಬಹುದು. ಪೆಟ್ರೋಲ್ ಬಂಕಿನಲ್ಲಿ "ಟೂಟಿ ಎಷ್ಟು ಹಾಕ್ಲಿ ಸಾರ್" ಎಂದು ಕೇಳುತ್ತಿದ್ದ ಕಾಲವದು. ಟೂಟಿ ಎಂದರೆ ಪೆಟ್ರೋಲಿನಲ್ಲೇ ಬೆರೆಸುವ ಟೂ ಸ್ಟ್ರೋಕ್ ಎಣ್ಣೆ. ತೋಟದ ಮೆಷಿನ್ನಿಗೆ ಈಗಲೂ ಹಾಗೇ. ಕಂಪನಿ 50ಕ್ಕೆ 1 ಎಂದು ಬರೆದಿದ್ದರೆ ಲೀಟರಿಗೆ 20 ಎಂಎಲ್, 25ಕ್ಕೆ 1 ಎಂದಿದ್ದರೆ 40 ಎಂಎಲ್. ಹಾಗಿದ್ದರೆ ಈ ನಿಂಬೆಹಣ್ಣಿಗೆ ಎಷ್ಟು ಬೇಕು, ಹೇಳಿ ನೋಡೋಣ. ಐವತ್ತು ಎಂಎಲ್? ಅಲ್ಲ. ಇನ್ನೂರಕ್ಕೂ ಮೇಲೆ. ಲೀಟರಿನಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಎಣ್ಣೆ. ಹಳೆಯ ಎಂಜಿನ್‌ಗಳಿಗೆ 250, ಕೆಲವಕ್ಕೆ ಅದಕ್ಕೂ ಮೇಲೆ.

ಯಾಕೆ ಇಷ್ಟು ಎಂದು ಮೊದಲ ವರ್ಷ ನಾನೂ ಕೇಳಿದ್ದೆ. ಉತ್ತರದ ಒಂದು ತುಂಡು ಗಾತ್ರದಲ್ಲಿದೆ. ಎಂಜಿನ್ ಚಿಕ್ಕದಾದಷ್ಟೂ ಒಳಗಿನ ಜಾಗಕ್ಕೆ ಹೋಲಿಸಿದರೆ ಉಜ್ಜುವ ಮೈ ಜಾಸ್ತಿ. ರಿಂಗ್ ಇಲ್ಲದ ಪಿಸ್ಟನ್ನಿಗೂ ಅದು ಓಡಾಡುವ ಕೊಳವೆಯಾದ ಲೈನರಿಗೂ ನಡುವೆ ಗ್ಯಾಸ್ ಸೋರದ ಹಾಗೆ ತಡೆಯುವುದೂ ಎಣ್ಣೆಯ ಪದರವೇ. ಇನ್ನೊಂದು ತುಂಡನ್ನು ನಾವು ಮರೆಯುತ್ತೇವೆ. ಎಣ್ಣೆ ಇಲ್ಲಿ ಜಾರಿಕೆ ಕೊಡುವುದಷ್ಟೇ ಅಲ್ಲ, ಬಿಸಿಯನ್ನೂ ಹೊತ್ತುಕೊಂಡು ಹೊರಗೆ ಹೋಗುತ್ತದೆ. ಹೊರಗೆ ಚೆಲ್ಲುವ ಎಣ್ಣೆಯನ್ನು ನೋಡಿ "ದಂಡ" ಎನ್ನುವವರಿದ್ದಾರೆ. ಆ ದಂಡ ಕಟ್ಟದಿದ್ದರೆ ಪಿಸ್ಟನ್ ಕೊಡಬೇಕಾಗುತ್ತದೆ.

ಈಗ ನೀಡಲ್ ವಿಷಯಕ್ಕೆ ಬರೋಣ, ನಮ್ಮ ಆಟದ ಜೀವ ಇರುವುದು ಅಲ್ಲಿ. ಕಾರ್ಬೊರೇಟರಿನ ಪಕ್ಕದಲ್ಲಿರುವ ಈ ಉದ್ದನೆಯ ಸೂಜಿಯನ್ನು ಬಿಚ್ಚಿದರೆ ಇಂಧನ ಹೆಚ್ಚು, ಅದು ರಿಚ್. ಬಿಗಿ ಮಾಡಿದರೆ ಇಂಧನ ಕಡಿಮೆ, ಅದು ಲೀನ್. ರಿಚ್ ಇದ್ದಾಗ ಎಂಜಿನ್ ಬಳಬಳ ಎಂದು ದಪ್ಪ ದನಿಯಲ್ಲಿ ಓಡುತ್ತದೆ. ಬಿಗಿ ಮಾಡುತ್ತ ಹೋದರೆ ದನಿ ತೆಳ್ಳಗಾಗಿ ಕೀರಲಾಗುತ್ತದೆ, ಸುತ್ತು ಏರುತ್ತದೆ. ಆ ಕೀರಲು ದನಿ ಕಿವಿಗೆ ಇಂಪು. ಹುಡುಗರೆಲ್ಲ ಅಲ್ಲೇ ನಿಲ್ಲಿಸುತ್ತಾರೆ, ನಾನೂ ನಿಲ್ಲಿಸುತ್ತಿದ್ದೆ.

ಮೋಸ ಇರುವುದೂ ಅಲ್ಲೇ. ಸೂಜಿ ಬಿಗಿ ಮಾಡಿದಾಗ ಕಡಿಮೆಯಾಗುವುದು ಇಂಧನ ಮಾತ್ರವಲ್ಲ, ಅದರೊಳಗೆ ಕರಗಿರುವ ಎಣ್ಣೆಯೂ ಕಡಿಮೆಯಾಗುತ್ತದೆ. ಎಂಜಿನ್ ಅತಿ ಹೆಚ್ಚು ಬಿಸಿಯಾಗುವುದು ಲೀನ್ ಇದ್ದಾಗ, ಎಣ್ಣೆ ಅತಿ ಕಡಿಮೆ ಸಿಗುವುದೂ ಆಗಲೇ. ನೀರು ಬೇಕಾದ ಬೇಸಿಗೆಯಲ್ಲೇ ಬಾವಿ ಒಣಗುವ ಹಾಗೆ. ಕಾರಿನಲ್ಲಾದರೆ ಸಂಪಿನಲ್ಲಿ ಆಯಿಲ್ ಬೇರೆಯೇ ಇರುತ್ತದೆ, ಪೆಟ್ರೋಲ್ ಕಡಿಮೆಯಾದರೂ ಬೇರಿಂಗಿಗೆ ತೊಂದರೆಯಿಲ್ಲ. ನಮಗೆ ಆ ಅನುಕೂಲವಿಲ್ಲ. ಅದಕ್ಕೇ ನಾನು ಎಣ್ಣೆ ಆರಿಸುವಾಗ "ಎಲ್ಲ ಸರಿ ಇದ್ದಾಗ ಇದು ಎಷ್ಟು ಚೆನ್ನಾಗಿದೆ" ಎಂದು ಕೇಳುವುದಿಲ್ಲ. "ನಾನು ಸೂಜಿ ತಪ್ಪಿಸಿದಾಗ ಇದು ಏನು ಮಾಡುತ್ತದೆ" ಎಂದು ಕೇಳುತ್ತೇನೆ.

ಈ ಪ್ರಶ್ನೆಗೆ ಹರಳೆಣ್ಣೆಯಷ್ಟು ಒಳ್ಳೆಯ ಉತ್ತರ ಇನ್ನೂ ಸಿಕ್ಕಿಲ್ಲ. ಹರಳೆಣ್ಣೆಯಲ್ಲಿ ಸುಮಾರು ನೂರಕ್ಕೆ 85-90 ಪಾಲು ರಿಸಿನೋಲಿಕ್ ಎಂಬ ಒಂದೇ ಕೊಬ್ಬಿನಾಮ್ಲ. ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆಗಳ ಆಮ್ಲಗಳಲ್ಲಿ ಇಲ್ಲದ ಒಂದು ಕೊಂಡಿ ಇದರ ಸರಪಳಿಯ ನಡುವೆ ಇದೆ. ಆಮ್ಲಜನಕ, ಜಲಜನಕ ಸೇರಿದ ಓಎಚ್ ಕೊಂಡಿ. ನಾವು ಉರಿಸುವ ಇಂಧನ ಪೆಟ್ರೋಲ್ ಅಲ್ಲ, ಮೆಥನಾಲ್ ಎಂಬ ಆಲ್ಕೋಹಾಲು, ಅದರಲ್ಲೂ ಇರುವುದು ಅದೇ ಕೊಂಡಿ. ಹಾಗಾಗಿ ಹರಳೆಣ್ಣೆ ಮೆಥನಾಲಿನಲ್ಲಿ ಸಕ್ಕರೆಯಂತೆ ಕರಗುತ್ತದೆ, ಲೋಹಕ್ಕೂ ಬಿಡದೆ ಅಂಟಿಕೊಳ್ಳುತ್ತದೆ. ವಿಪರೀತ ಬಿಸಿಯಾದಾಗ ಆವಿಯಾಗಿ ಓಡಿಹೋಗುವ ಬದಲು ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಇನ್ನೂ ಗಟ್ಟಿಯಾಗುತ್ತವೆ. ಹಳೆಯ ಎಂಜಿನ್ ಮೇಲೆ ಕಾಣುವ ಬೆಲ್ಲದ ಪಾಕದ ಬಣ್ಣದ ಕಲೆ ಅದೇ, ಒಂದು ಬಗೆಯ ವಾರ್ನಿಷ್. ನೋಡುವುದಕ್ಕೆ ಕೊಳಕು. ಅದು ಬಾರದಂತೆ ಮಾಡಲು ಹೋದವರು ಎಷ್ಟೋ ಸಲ ಎಂಜಿನ್ನನ್ನೇ ಕಳೆದುಕೊಂಡಿದ್ದಾರೆ.

ಇದು ನಮ್ಮ ಆಟದವರ ಕಂಡುಹಿಡಿತವಲ್ಲ. ಮೊದಲ ಮಹಾಯುದ್ಧದ ಕಾಲದ ಗ್ನೋಮ್, ಲ ರೋನ್ ರೋಟರಿ ಎಂಜಿನ್‌ಗಳಲ್ಲಿ ಸಿಲಿಂಡರುಗಳೇ ಪ್ರೊಪೆಲ್ಲರಿನ ಜೊತೆ ಗಿರಗಿರ ತಿರುಗುತ್ತಿದ್ದವು. ಅವಕ್ಕೂ ಹರಳೆಣ್ಣೆಯೇ ಬೇಕಿತ್ತು, ಅಲ್ಲೂ ಬಳಸಿದ ಎಣ್ಣೆ ವಾಪಸ್ ಬರದೆ ಹೊರಗೆ ಸಿಡಿಯುತ್ತಿತ್ತು. ಸಿಡಿದದ್ದು ಪೈಲಟ್‌ನ ಮುಖಕ್ಕೆ, ಬಾಯಿಗೆ. ಪರಿಣಾಮ ಏನೆಂದು ಅಜ್ಜಿ ಕೈಯಲ್ಲಿ ಕುಡಿದವರಿಗೆ ಹೇಳಬೇಕಾಗಿಲ್ಲ. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರಿನಿಂದ, 1909ರಲ್ಲಿ.

ಹಾಗಂತ ಸಂತೆಯಿಂದ ತಂದ ಹರಳೆಣ್ಣೆಯನ್ನು ಸುರಿಯಬೇಡಿ. ನಾನು ಸುರಿದಿದ್ದೇನೆ. ನಮ್ಮತ್ತೆ ಹರಳು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆದು ಎಣ್ಣೆ ಮಾಡುತ್ತಿದ್ದರು. ಅದರಷ್ಟು ಶುದ್ಧ ಯಾವುದಿದೆ ಎಂಬ ಭಾವನೆ ನನಗೆ. ಮೆಥನಾಲಿಗೆ ಹಾಕಿ ಅಲ್ಲಾಡಿಸಿದೆ, ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಯಿತು. ಕುದಿಸಿ ತೆಗೆದ ಎಣ್ಣೆಯಲ್ಲಿ ನೀರಿನ ಅಂಶವೂ ಅಂಟಿನ ಅಂಶವೂ ಉಳಿದಿರುತ್ತವೆ, ಫಿಲ್ಟರಿನಲ್ಲೂ ನೀಡಲ್ ತುದಿಯಲ್ಲೂ ಕೂತುಬಿಡುತ್ತವೆ. "ಎಣ್ಣೆ ಸರಿ ಇಲ್ಲ ಅತ್ತೆ" ಎಂದು ಹೇಳಿದ್ದಕ್ಕೆ ಅವರು, "ನಿಮ್ಮ ಮೆಷಿನ್ನಿಗೆ ಭೇದಿ ಆಗ್ಲಿಲ್ವಾ ಹಂಗಾದ್ರೆ?" ಎಂದು ಕೇಳಿದ್ದರು. ನಮಗೆ ಬೇಕಾದದ್ದು ಬಿಸಿ ಮಾಡದೆ ಒತ್ತಿದ ಮೊದಲ ಹಿಂಡಿನ, ಅಂಟು ತೆಗೆದು ಸೋಸಿದ ಎಣ್ಣೆ. ಪ್ರಪಂಚದಲ್ಲಿ ಅತಿ ಹೆಚ್ಚು ಹರಳು ಬೆಳೆಯುವ ದೇಶ ನಮ್ಮದೇ, ಅದರಲ್ಲೂ ಗುಜರಾತ್. ಹಾಗಾಗಿ ಒಳ್ಳೆಯ ಸರಕಿಗೆ ಕೊರತೆಯಿಲ್ಲ.

ಇನ್ನು ಸಿಂಥೆಟಿಕ್. ಮಾದರಿ ಎಂಜಿನ್ನಿನ ಸಿಂಥೆಟಿಕ್ ಎಣ್ಣೆಗಳಲ್ಲಿ ಬಹುಪಾಲು ಪಾಲಿಆಲ್ಕಲೀನ್ ಗ್ಲೈಕಾಲ್ ಜಾತಿಯವು. ಮೆಥನಾಲಿನಲ್ಲಿ ಕರಗುತ್ತವೆ, ಕಲೆ ಬಿಡುವುದಿಲ್ಲ, ತೆಳ್ಳಗಿರುವುದರಿಂದ ಎಂಜಿನ್ ಹಗುರಾಗಿ ತಿರುಗುತ್ತದೆ. ಹದವಾದ ಬಿಸಿಯಲ್ಲಿ ಹರಳೆಣ್ಣೆಗಿಂತ ಒಂದು ಕೈ ಮೇಲೆ ಎಂದರೂ ತಪ್ಪಿಲ್ಲ. ಆದರೆ ಹದ ಮೀರಿದಾಗ ಸುಟ್ಟು ಜಾಗ ಖಾಲಿ ಮಾಡಿಬಿಡುತ್ತವೆ. ಲೋಹದ ಮೇಲೆ ಲೋಹ ಉಳಿಯುತ್ತದೆ. ಅದಕ್ಕೇ ಬಾಲ್ ಬೇರಿಂಗಿನ ಹೊಸ ಎಂಜಿನ್‌ಗಳಿಗೆ ನಾನು ಒಟ್ಟು ನೂರಕ್ಕೆ 18ರಿಂದ 20 ಭಾಗ ಎಣ್ಣೆ ಇಟ್ಟು, ಅದರಲ್ಲಿ ಕಾಲುಭಾಗವಾದರೂ ಹರಳೆಣ್ಣೆ ಸೇರಿಸುತ್ತೇನೆ. ನಾಲ್ಕು ಸ್ಟ್ರೋಕಿನವಾದರೆ ಹರಳೆಣ್ಣೆ ಇನ್ನೂ ಕಡಿಮೆ ಸಾಕು, ವಾಲ್ವುಗಳಿಗೆ ಅಂಟು ಕೂರಬಾರದು. ಬೀಡು ಕಬ್ಬಿಣದ ಪಿಸ್ಟನ್ನಿನ, ಬುಷ್ ಬೇರಿಂಗಿನ ಈ ನಿಂಬೆಹಣ್ಣಿಗೆ ಮಾತ್ರ 22-25 ಭಾಗ, ಪೂರ್ತಿ ಹರಳೆಣ್ಣೆ. ಈ ವಿಷಯದಲ್ಲಿ ನಾನು ಹಠಮಾರಿ.

ಮೊಬೈಲ್ ಆಯಿಲ್ ಹಾಕಬಹುದಾ ಎಂದು ಪ್ರತಿ ವರ್ಷ ಒಬ್ಬರು ಕೇಳುತ್ತಾರೆ. ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬ ಹುಡುಗ ಕೇಳದೆಯೇ ತೋಟದ ಮೆಷಿನ್ನಿನ ಟೂಟಿ ಎಣ್ಣೆಯನ್ನು ಮೆಥನಾಲಿಗೆ ಹಾಕಿದ್ದ. ಮಣ್ಣಿನೆಣ್ಣೆಯ ವಂಶದ ಎಣ್ಣೆ ಮೆಥನಾಲಿನಲ್ಲಿ ಕರಗುವುದಿಲ್ಲ. ಬಾಟಲಿ ಅಲ್ಲಾಡಿಸಿದಾಗ ಕಲೆತ ಹಾಗೆ ಕಾಣುತ್ತದೆ, ಅಷ್ಟರಲ್ಲೇ ಬೇರೆ ಬೇರೆ ಪದರವಾಗಿ ನಿಲ್ಲುತ್ತದೆ. ಎಂಜಿನ್ ಹತ್ತಿತು, ಏರಿತು, ಹುಡುಗನ ಮುಖದಲ್ಲಿ ನಗು ಬಂತು, ಅರ್ಧ ನಿಮಿಷಕ್ಕೆ ಟಕ್ ಎಂದು ನಿಂತಿತು. ಪ್ರೊಪೆಲ್ಲರ್ ಅಲ್ಲಾಡಲೇ ಇಲ್ಲ. ಬಿಚ್ಚಿದರೆ ಕನೆಕ್ಟಿಂಗ್ ರಾಡಿನ ಕೆಳಗಣ್ಣು ನೀಲಿಗಟ್ಟಿತ್ತು. ಅವನನ್ನು ಬೈಯಲಿಲ್ಲ. ಅವನು ಈಗ ಬೆಂಗಳೂರಿನಲ್ಲಿ ಎಂಜಿನ್ ಕಂಪನಿಯೊಂದರಲ್ಲಿದ್ದಾನೆ, ಲ್ಯೂಬ್ರಿಕೇಶನ್ ವಿಭಾಗದಲ್ಲಿಯೇ.

ಎಣ್ಣೆಯ ಲೆಕ್ಕದಲ್ಲಿ ಇನ್ನೊಂದು ಮೋಸ ಇದೆ. ಡಬ್ಬಿಯ ಮೇಲೆ ನೂರಕ್ಕೆ 20 ಎಂದಿದ್ದರೆ ಅದು ಅಳತೆಯಲ್ಲೋ ತೂಕದಲ್ಲೋ? ಹರಳೆಣ್ಣೆ ಲೀಟರಿಗೆ ಸುಮಾರು 960 ಗ್ರಾಂ ತೂಗುತ್ತದೆ, ಮೆಥನಾಲ್ 790. ತೂಕದಲ್ಲಿ 200 ಗ್ರಾಂ ಎಣ್ಣೆ, 800 ಗ್ರಾಂ ಮೆಥನಾಲ್ ಬೆರೆಸಿದರೆ ಅಳತೆಯಲ್ಲಿ ಎಣ್ಣೆ ನೂರಕ್ಕೆ 17 ಮಾತ್ರ. ಮೂರು ಭಾಗ ಎಲ್ಲಿ ಹೋಯಿತು ಎಂದು ಬುಷ್ ಕೇಳುತ್ತದೆ. ಒಂದು ಸಲ ದೂರದೂರಿನ ಅಂಗಡಿಯಿಂದ ತರಿಸಿದ ಡಬ್ಬಿಯ ಇಂಧನದಲ್ಲಿ ಎಂಜಿನ್ ಯಾಕೋ ಒಣಗಿದ ದನಿಯಲ್ಲಿ ಓಡುತ್ತಿತ್ತು. 100 ಎಂಎಲ್ ಅಳೆದು, ಅಗಲವಾದ ಸ್ಟೀಲ್ ತಟ್ಟೆಗೆ ಸುರಿದು, ಬೆಂಕಿ ಸುಳಿಯದ ಜಾಗದಲ್ಲಿ ಬಿಸಿಲಿಗಿಟ್ಟೆ. ಮೆಥನಾಲ್ ಹಾರಿಹೋಯಿತು. ಉಳಿದ ಎಣ್ಣೆಯನ್ನು ಸಿರಿಂಜಿನಲ್ಲಿ ಎಳೆದು ನೋಡಿದರೆ 12 ಎಂಎಲ್. ಯಾವ ಅಂಗಡಿ ಎಂದು ಕೇಳಬೇಡಿ. ಆದರೆ ಈ ತಟ್ಟೆ ಪರೀಕ್ಷೆ ಕಲಿತಿಟ್ಟುಕೊಳ್ಳಿ.

ಈಗ ಉರಿಯುವ ಭಾಗ. ಈ ಗ್ಲೋ ಪ್ಲಗ್ ನೋಡಿ. ಒಳಗೆ ಕೂದಲಿನಷ್ಟು ತೆಳುವಾದ ಸುರುಳಿ, ಪ್ಲಾಟಿನಂ ಬೆರೆತ ತಂತಿ. ಒಂದೂವರೆ ವೋಲ್ಟ್ ಕೊಟ್ಟರೆ ಕೆಂಪಗೆ ಕಾಯುತ್ತದೆ, ಎಂಜಿನ್ ಹತ್ತುತ್ತದೆ. ಆಮೇಲೆ ಬ್ಯಾಟರಿ ಕಿತ್ತುಬಿಡುತ್ತೇವೆ, ಎಂಜಿನ್ ನಿಲ್ಲುವುದಿಲ್ಲ. ಕಾರಣ, ಪ್ಲಾಟಿನಂ ಮೈಮೇಲೆ ಮೆಥನಾಲ್ ಆವಿ ತಾನಾಗಿ ಉತ್ಕರ್ಷಣೆಗೊಂಡು ಸುರುಳಿಯನ್ನು ಕಾದೇ ಇಡುತ್ತದೆ. ಪ್ಲಗ್ಗೂ ಇಂಧನವೂ ಗಂಡ ಹೆಂಡತಿ ಇದ್ದ ಹಾಗೆ. ಪೆಟ್ರೋಲ್ ಹಾಕಿದರೆ ಈ ಸಂಸಾರ ನಡೆಯುವುದಿಲ್ಲ. ಅಮೆರಿಕದ ರೇ ಆರ್ಡೆನ್ 1947ರಲ್ಲಿ ಇದನ್ನು ಮಾರುಕಟ್ಟೆಗೆ ತಂದ ಮೇಲೆ ಮಾದರಿ ವಿಮಾನಗಳು ಕಿಡಿ ಹಾರಿಸುವ ಕಾಯಿಲ್, ಕಂಡೆನ್ಸರ್, ಬ್ಯಾಟರಿ ಹೊತ್ತು ಹಾರುವುದು ತಪ್ಪಿತು.

ಮೆಥನಾಲಿನಲ್ಲಿ ಕಾವು ಕಡಿಮೆ. ಕಿಲೋ ಲೆಕ್ಕದಲ್ಲಿ ಪೆಟ್ರೋಲಿನ ಅರ್ಧಕ್ಕಿಂತ ಕಡಿಮೆ. ಆದರೂ ಶಕ್ತಿ ಕಡಿಮೆಯಾಗುವುದಿಲ್ಲ, ಯಾಕೆ? ಎಂಜಿನ್ನಿಗೆ ಇಂಧನದ ಬರ ಇರುವುದಿಲ್ಲ, ಇರುವುದು ಗಾಳಿಯ ಬರ. ಒಂದು ಸುತ್ತಿಗೆ ಒಳಗೆ ಹಿಡಿಸುವ ಗಾಳಿ ಇಷ್ಟೇ ಎಂದು ಸಿಲಿಂಡರ್ ನಿಗದಿ ಮಾಡಿಬಿಟ್ಟಿದೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಮೆಥನಾಲಿಗೆ ಸುಮಾರು 6.5 ಕಿಲೋ ಸಾಕು. ಅಷ್ಟೇ ಗಾಳಿಯಲ್ಲಿ ಎರಡು ಪಟ್ಟಿಗಿಂತ ಹೆಚ್ಚು ಮೆಥನಾಲ್ ಉರಿಸಬಹುದು. ಅದು ಆವಿಯಾಗುವಾಗ ಪೆಟ್ರೋಲಿಗಿಂತ ಸುಮಾರು ಮೂರು ಪಟ್ಟು ಬಿಸಿ ಹೀರುವುದರಿಂದ ಎಂಜಿನ್ ತಂಪಾಗಿಯೂ ಇರುತ್ತದೆ. ಟ್ಯಾಂಕ್ ಬೇಗ ಖಾಲಿಯಾಗುತ್ತದೆ, ಅದೊಂದೇ ತಕರಾರು.

ಶಕ್ತಿಗಾಗಿ ಮೆಥನಾಲಿಗೆ ಬೆರೆಸುವ ನೈಟ್ರೊಮೀಥೇನ್ ಇನ್ನೂ ಮುಂದೆ ಹೋಗುತ್ತದೆ. ಅದರ ಒಂದು ಕಿಲೋಗೆ 1.7 ಕಿಲೋ ಗಾಳಿ ಸಾಕು, ಏಕೆಂದರೆ ಉರಿಯಲು ಬೇಕಾದ ಆಮ್ಲಜನಕದ ಒಂದು ಪಾಲನ್ನು ಅದು ತನ್ನ ಅಣುವಿನಲ್ಲೇ ಕಟ್ಟಿಕೊಂಡು ಬಂದಿರುತ್ತದೆ. ಹಾಸನದವರಿಗೆ ಇದನ್ನು ವಿವರಿಸುವುದು ಸುಲಭ. ಸಾಲಗಾಮೆ ರಸ್ತೆಯ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯ ದೊಡ್ಡ ಆಂಟೆನಾಗಳನ್ನು ನೋಡುತ್ತ ಬೆಳೆದವರು ನೀವು. ಅಲ್ಲಿಂದ ನಿಯಂತ್ರಿಸುವ ಉಪಗ್ರಹಗಳಿಗೆ ಮೇಲೆ ಗಾಳಿಯೇ ಇಲ್ಲ, ಇಂಧನದ ಜೊತೆ ಅದನ್ನು ಉರಿಸುವ ವಸ್ತುವನ್ನೂ ಹೊತ್ತೊಯ್ಯುತ್ತವೆ. ಇಂಧನ ಮುಗಿದ ದಿನ ಉಪಗ್ರಹದ ಆಯಸ್ಸೂ ಮುಗಿದಂತೆ. 1982ರ ಏಪ್ರಿಲಿನಲ್ಲಿ ಹಾರಿದ ಇನ್ಸಾಟ್-1ಎ ಅದೇ ಸೆಪ್ಟೆಂಬರಿನಲ್ಲಿ ಕೈಬಿಟ್ಟು ಹೋದದ್ದು ದಿಕ್ಕು ನಿಲ್ಲಿಸಿಕೊಳ್ಳುವ ಇಂಧನ ಖಾಲಿಯಾಗಿ. ನಮ್ಮದಾದರೆ ಟ್ಯಾಂಕ್ ಖಾಲಿಯಾದ ಮೇಲೆ ಆಲೂಗಡ್ಡೆ ಹೊಲಕ್ಕೆ ತೇಲಿ ಇಳಿಯುತ್ತದೆ, ನಾವೇ ಪುಣ್ಯವಂತರು.

ನೈಟ್ರೊ ಎಷ್ಟು ಹಾಕಬೇಕು? ವಾಯುಕ್ರೀಡೆಗಳ ಅಂತಾರಾಷ್ಟ್ರೀಯ ಸಂಸ್ಥೆ ಎಫ್‌ಎಐ ಕಂಟ್ರೋಲ್ ಲೈನ್ ವೇಗದ ಸ್ಪರ್ಧೆಗೆ ನಿಗದಿ ಮಾಡಿದ ಇಂಧನದಲ್ಲಿ ನೈಟ್ರೊ ಸೊನ್ನೆ. 80 ಭಾಗ ಮೆಥನಾಲ್, 20 ಭಾಗ ಹರಳೆಣ್ಣೆ, ಅಷ್ಟೇ. ಅದರಲ್ಲಿ ಎರಡೂವರೆ ಸಿಸಿ ಎಂಜಿನ್‌ಗಳು ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಹಾರುತ್ತವೆ. ಇದನ್ನು ಕೇಳಿದ ಮೇಲೂ ಶಕ್ತಿ ಸಾಲದು, ನೈಟ್ರೊ ಬೇಕು ಎನ್ನುವವರು ಮೊದಲು ಪ್ರೊಪೆಲ್ಲರ್ ಬದಲಿಸಿ ನೋಡಲಿ. ಐದು ಭಾಗ ನೈಟ್ರೊ ಇದ್ದರೆ ಕಡಿಮೆ ಸುತ್ತಿನಲ್ಲಿ ಎಂಜಿನ್ ನಿಲ್ಲದೆ ಮೆತ್ತಗೆ ಓಡುತ್ತದೆ, ರೇಡಿಯೊ ವಿಮಾನದವರಿಗೆ ಅದು ಉಪಯೋಗ. ಅದಕ್ಕಿಂತ ಹೆಚ್ಚು ದುಡ್ಡಿದ್ದವರ ಆಟ.

ಗಾಳಿಯ ಬರ ಎಂದೆನಲ್ಲ, ನಮ್ಮೂರಿನಲ್ಲಿ ಅದು ಸ್ವಲ್ಪ ಜಾಸ್ತಿಯೇ. ಹಾಸನ ಸಮುದ್ರಮಟ್ಟಕ್ಕಿಂತ 950 ಮೀಟರಿನಷ್ಟು ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ನೂರಕ್ಕೆ ಎಂಟೊಂಬತ್ತು ಭಾಗ ತೆಳು. ಇಲ್ಲಿ ಸರಿಯಾಗಿ ಕೂರಿಸಿದ ಸೂಜಿಯನ್ನು ಮುಟ್ಟದೆ ಶಿರಾಡಿ ಘಾಟಿ ಇಳಿದು ಮಂಗಳೂರಿನ ಮೈದಾನದಲ್ಲಿ ಹಾರಿಸಿದರೆ, ಅಲ್ಲಿ ಗಾಳಿ ದಟ್ಟ, ಇಂಧನ ಸಾಲದು, ಎಂಜಿನ್ ಲೀನ್. ಕೆಳಗೆ ಇಳಿದಾಗ ಸೂಜಿ ಬಿಚ್ಚಬೇಕು, ಮೇಲೆ ಬಂದಾಗ ಬಿಗಿ ಮಾಡಬೇಕು. ಎಲ್ಲಿದ್ದರೂ ಹಾರಿಸುವ ಮೊದಲು ವಿಮಾನದ ಮೂಗನ್ನು ಆಕಾಶಕ್ಕೆ ಎತ್ತಿ ಹಿಡಿದು ದನಿ ಕೇಳಿ. ಸುತ್ತು ಸ್ವಲ್ಪ ಏರಿದರೆ ಸರಿ. ಕುಗ್ಗಿದರೆ ಈಗಾಗಲೇ ಲೀನ್ ಎಂದರ್ಥ, ಸೂಜಿಯನ್ನು ಇನ್ನೆರಡು ಹಲ್ಲು ಬಿಚ್ಚಿ.

ಮಾದರಿ ವಿಮಾನದ ಡೀಸೆಲ್ ಎಂಜಿನ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ನನಗೆ ಪ್ರೀತಿಯದ್ದಾದರೂ ಅದರ ಕಾಲ ಮುಗಿಯುತ್ತ ಬಂದಿದೆ. ಇದಕ್ಕೂ ಲಾರಿಯ ಡೀಸೆಲಿಗೂ ಸಂಬಂಧವಿಲ್ಲ. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಮೂರೂ ಸಮಪಾಲು, ಹಳೆಯ ಎಂಜಿನ್‌ಗಳಿಗೆ ಅದೇ ಪಾಕ. ಪ್ಲಗ್ ಇಲ್ಲ, ತಲೆಯ ಮೇಲಿನ ಅಡ್ಡಕಡ್ಡಿ ತಿರುಗಿಸಿ ಒತ್ತಡ ಹೆಚ್ಚಿಸಿದರೆ ಈಥರ್ ತಾನೇ ಹೊತ್ತಿಕೊಳ್ಳುತ್ತದೆ. ನಾನು ಕಲಿತದ್ದು ಕೋಲ್ಕತ್ತಾದ ಅರೋರಾ ಎಂಜಿನ್ನಿನ ಮೇಲೆ. ಹರಳೆಣ್ಣೆಗೂ ಸೀಮೆಎಣ್ಣೆಗೂ ನೇರವಾಗಿ ಹೊಂದಾಣಿಕೆಯಿಲ್ಲ, ನಡುವೆ ಈಥರ್ ಇದ್ದರಷ್ಟೇ ಸೇರುತ್ತವೆ. ಹಾಗಾಗಿ ಬಾಟಲಿಯ ಇಂಧನ ಮಬ್ಬಾದರೆ ಈಥರ್ ಹಾರಿಹೋಗಿದೆ ಎಂದು ತಿಳಿಯಬೇಕು. ಈಥರ್ 35 ಡಿಗ್ರಿಗೇ ಕುದಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಅರಸೀಕೆರೆಯಲ್ಲಿ ಬಾಟಲಿ ತೆರೆದಿಟ್ಟರೆ ಒಲೆಯೇ ಬೇಡ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಬೀಡಿಯನ್ನು ಹುಡುಕಿಕೊಂಡು ಹೋಗುತ್ತದೆ. ಹಳೆಯದಾದರೆ ಒಳಗೆ ಪೆರಾಕ್ಸೈಡ್ ಕಟ್ಟಿ ಸಿಡಿಯುವ ಅಪಾಯವೂ ಇದೆ. ಲ್ಯಾಬಿನ ಮೂಲೆಯಲ್ಲಿ ವರ್ಷಗಟ್ಟಲೆ ಕೂತ ಈಥರ್ ಬಾಟಲಿಯನ್ನು ಹುಮ್ಮಸ್ಸಿನಿಂದ ತೆರೆಯಲು ಹೋಗಬೇಡಿ.

ದೊಡ್ಡ ಮಾದರಿ ವಿಮಾನಗಳ ಪೆಟ್ರೋಲ್ ಎಂಜಿನ್ ಇಟ್ಟುಕೊಂಡವರಿಗೆ ಒಂದೇ ಮಾತು. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಭಾಗದವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಅದಕ್ಕೆ ಬೇಕಾದ ಗಾಳಿ 14.7 ಅಲ್ಲ, ಸುಮಾರು 13.5. ಹಳೆಯ ಸೆಟ್ಟಿಂಗಿನಲ್ಲೇ ಓಡಿಸಿದರೆ ಲೀನ್ ಆಗುತ್ತದೆ. ಎಥನಾಲ್ ನೀರು ಹೀರುತ್ತದೆ, ಕಾರ್ಬೊರೇಟರಿನ ಡಯಾಫ್ರಂ ಕೂಡ ಬೇಗ ಗಟ್ಟಿಯಾಗುತ್ತದೆ. ತೋಟದ ಮೆಷಿನ್ನುಗಳಲ್ಲಿ ಇದನ್ನು ನಾನು ದಿನಾ ನೋಡುತ್ತಿದ್ದೇನೆ. ಬೆರೆಸಿದ್ದನ್ನು ಆ ವಾರವೇ ಮುಗಿಸಿ, ಉಳಿದದ್ದನ್ನು ಟ್ಯಾಂಕಿನಿಂದ ಬಗ್ಗಿಸಿಡಿ. ಮತ್ತೆ, ಪೆಟ್ರೋಲಿಗೆ ಹರಳೆಣ್ಣೆ ಹಾಕಬೇಡಿ, ಸರಿಯಾಗಿ ಕರಗುವುದಿಲ್ಲ. ಅಲ್ಲಿ ಟೂಟಿಯದ್ದೇ ರಾಜ್ಯಭಾರ.

ಇಷ್ಟು ಹೊತ್ತು ತಮಾಷೆ ಮಾಡಿಕೊಂಡು ಬಂದೆ. ಮೆಥನಾಲ್ ವಿಷಯದಲ್ಲಿ ತಮಾಷೆ ಇಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರಲ್ಲ, ಅದರಲ್ಲಿ ಬೆರೆತಿದ್ದದ್ದು ಇದೇ ಮೆಥನಾಲ್. ದೇಹದೊಳಗೆ ಇದು ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣಿನ ನರವನ್ನು ತಿನ್ನುತ್ತದೆ. ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ, ಕೈಗವಸು ಹಾಕಿ. ಹಗಲಿನಲ್ಲಿ ಇದರ ಜ್ವಾಲೆ ಕಾಣುವುದಿಲ್ಲ. ಒಮ್ಮೆ ನನ್ನ ತೋಳಿನ ರೋಮ ಸುರುಟಿದ ಮೇಲೇ ಬೆಂಕಿ ಹತ್ತಿದ್ದು ಗೊತ್ತಾದದ್ದು. ಪರವಾನಗಿ ಇಲ್ಲದೆ ಕೊಳ್ಳುವ, ಕೂಡಿಡುವ ವಸ್ತು ಅಲ್ಲ ಇದು, ನಿಮ್ಮ ಕಾಲೇಜಿನ ಮೂಲಕವೇ ತರಿಸಿ. ತಂದದ್ದನ್ನು ನೀರಿನ ಬಾಟಲಿಯಲ್ಲಾಗಲಿ ಜ್ಯೂಸ್ ಬಾಟಲಿಯಲ್ಲಾಗಲಿ ಯಾವ ಕಾರಣಕ್ಕೂ ತುಂಬಿಸಿಡಬೇಡಿ. ಹೊಲದಲ್ಲಿ ಬಾಯಾರಿದವರು ಲೇಬಲ್ ಓದುವುದಿಲ್ಲ.

ಪ್ರಶ್ನೆ ಕೇಳಿ ಎಂದಾಗ ಮೂರು ಬಂದವು.

ಒಬ್ಬಳು ವಿದ್ಯಾರ್ಥಿನಿ ಕೇಳಿದಳು: "ಸಾರ್, ಮಳೆಗಾಲ ಪೂರ್ತಿ ಹಾರಿಸದೆ ಇಟ್ಟರೆ ಎಂಜಿನ್ ಹಾಳಾಗುತ್ತದಾ?" ನಮ್ಮ ಮಲೆನಾಡಿನ ಅಂಚಿನವರು ಕೇಳಲೇಬೇಕಾದ ಪ್ರಶ್ನೆ ಅದು. ಮೆಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ನೈಟ್ರೊ ಉರಿದಾಗ ಸ್ವಲ್ಪ ಆಮ್ಲ ಉಳಿಯುತ್ತದೆ. ಎರಡೂ ಸೇರಿ ಆಷಾಢ ಮುಗಿಯುವಷ್ಟರಲ್ಲಿ ಬಾಲ್ ಬೇರಿಂಗಿಗೆ ತುಕ್ಕು ಹಿಡಿಸುತ್ತವೆ. ಹಾರಾಟ ಮುಗಿದ ಮೇಲೆ ಇಂಧನದ ಪೈಪ್ ಕಿತ್ತು ಒಳಗಿನ ಇಂಧನ ಒಣಗುವವರೆಗೆ ಓಡಿಸಿ, ನಾಲ್ಕು ಹನಿ ತುಕ್ಕು ತಡೆಯುವ ತೆಳು ಎಣ್ಣೆ ಬಿಟ್ಟು ಕೈಯಲ್ಲಿ ತಿರುಗಿಸಿ, ಬಟ್ಟೆ ಸುತ್ತಿ ಡಬ್ಬಿಯಲ್ಲಿಡಿ. ಇಲ್ಲಿ ಹರಳೆಣ್ಣೆ ಬೇಡ, ತಿಂಗಳುಗಟ್ಟಲೆ ಬಿಟ್ಟರೆ ಅದು ಗೋಂದಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹಿಡಿದುಕೊಂಡರೂ ಗಾಬರಿ ಬೇಡ, ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿದರೆ ಬಿಡುತ್ತದೆ. ಸ್ಪಾನರ್ ಹಾಕಿ ತಿರುಗಿಸಬೇಡಿ.

ಇನ್ನೊಬ್ಬ ಹುಡುಗ: "ಹೊಸ ಎಂಜಿನ್ನನ್ನು ರಿಚ್ ಇಟ್ಟು ಎಷ್ಟು ಹೊತ್ತು ಓಡಿಸಬೇಕು?" ಬೀಡು ಪಿಸ್ಟನ್ ಆದರೆ ಬಿಟ್ಟು ಬಿಟ್ಟು ಒಟ್ಟು ಒಂದು ಗಂಟೆಯಷ್ಟು. ಅಲ್ಯೂಮಿನಿಯಂ ಪಿಸ್ಟನ್, ಕ್ರೋಮ್ ಹಾಕಿದ ಹಿತ್ತಾಳೆ ಲೈನರ್ ಇರುವ ಹೊಸ ಬಗೆಯದ್ದಾದರೆ ಕಥೆ ಉಲ್ಟಾ. ಅದರ ಲೈನರ್ ಮೇಲೆ ಹೋದಂತೆ ಕಿರಿದಾಗಿದೆ, ತಣ್ಣಗಿದ್ದಾಗ ಪಿಸ್ಟನ್ ಮೇಲ್ತುದಿಯಲ್ಲಿ ಹಿಡಿಯುತ್ತದೆ, ಬಿಸಿಯಾದಾಗ ಲೈನರ್ ಹಿಗ್ಗಿ ಸರಿಹೋಗುತ್ತದೆ. ವಿಪರೀತ ರಿಚ್ ಇಟ್ಟರೆ ಬಿಸಿಯೇ ಏರುವುದಿಲ್ಲ, ಸುಮ್ಮನೆ ಉಜ್ಜಿ ಸವೆಯುತ್ತದೆ. ಅದನ್ನು ಆರಂಭದಿಂದಲೇ ಸ್ವಲ್ಪ ಬಿಸಿಯಾಗುವ ಹಾಗೆ ಓಡಿಸಬೇಕು.

ಮೂರನೆಯದು ಬಂದದ್ದು ಒಬ್ಬ ಉಪನ್ಯಾಸಕರಿಂದ: "ಬ್ಯಾಟರಿ, ಮೋಟರ್ ಇಷ್ಟು ಅಗ್ಗವಾಗಿರುವಾಗ ಇದೆಲ್ಲ ಯಾಕೆ?" ಅದಕ್ಕೆ ನನ್ನ ಹತ್ತಿರ ಲೆಕ್ಕದ ಉತ್ತರವಿಲ್ಲ. ಎಂಜಿನ್ ಇಲ್ಲೇ ಇದೆ, ಬನ್ನಿ, ಹಿಂದಿನ ಮೈದಾನದಲ್ಲಿ ಒಂದು ಸಲ ಓಡಿಸಿ ತೋರಿಸುತ್ತೇನೆ. ಪ್ರೊಪೆಲ್ಲರಿನ ಪಕ್ಕಕ್ಕೂ ಮುಂದಕ್ಕೂ ಯಾರೂ ನಿಲ್ಲಬೇಡಿ, ಎಲ್ಲರೂ ನನ್ನ ಹಿಂದೆ ಬನ್ನಿ. ಬಿಳಿ ಅಂಗಿ ಹಾಕಿದವರು ಇನ್ನೂ ನಾಲ್ಕು ಮಾರು ಹಿಂದೆ. ಹರಳೆಣ್ಣೆ ಕಲೆ ಒಗೆದರೆ ಹೋಗುವುದಿಲ್ಲ.